ಐದು ಮಾರ್ಕಿನ ಚಿತ್ರದ ಹಿಂದಿನ ಮನುಷ್ಯ

ಮೂರು ಡಬ್ಬ, ನಾಲ್ಕು ಬಾಣ. ಒಂದು ಡಬ್ಬದಲ್ಲಿ ಮೆಮೊರಿ, ಇನ್ನೊಂದರಲ್ಲಿ ಸಿಪಿಯು, ಮತ್ತೊಂದರಲ್ಲಿ ಇನ್‌ಪುಟ್ ಔಟ್‌ಪುಟ್. ಕೆಳಗೆ ವಾನ್ ನ್ಯೂಮನ್ ಆರ್ಕಿಟೆಕ್ಚರ್ ಅಂತ ಬರೆದು ಸ್ಕೇಲಿಟ್ಟು ಗೆರೆ ಎಳೆದರೆ ಐದು ಮಾರ್ಕ್ಸ್ ಗ್ಯಾರಂಟಿ. ನಾನೂ ಹಾಗೇ ತಗೊಂಡವನು. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಬದುಕಿದ್ದ ಅನ್ನೋದು ನನ್ನ ತಲೆಗೆ ಹೋಗಿದ್ದು ಮಾತ್ರ ಈ ವರ್ಷ, ಅದೂ ನಮ್ಮ ಸರ್ವರ್ ರೂಮಿನಲ್ಲಿ.

ಅಲ್ಲಿ ಒಂದು ಸ್ಟೋರೇಜ್ ಕ್ಯಾಬಿನೆಟ್ ಇತ್ತು. ಎರಡು ಕಂಟ್ರೋಲರ್, ಸಾಲು ಸಾಲು ಡಿಸ್ಕು, ಅದಕ್ಕೇ ಅಂತ ಬೇರೆ ಫೈಬರ್ ಚಾನೆಲ್ ಸ್ವಿಚ್ಚು, ಪ್ರತಿ ಸರ್ವರಿನಿಂದ ಅಲ್ಲಿಗೆ ಹೋಗುವ ಕಿತ್ತಳೆ ಬಣ್ಣದ ಕೇಬಲ್ಲು. ಸ್ಯಾನ್, ಅಂದರೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಅಂತ ನಾವು ಓದೋದು ಇದನ್ನೇ. ಎ.ಎಂ.ಸಿ. ಮುಗಿದ ಮೇಲೆ ಒಂದು ಕಂಟ್ರೋಲರ್ ಕೆಟ್ಟಿತು. ಅದರ ಬಿಡಿಭಾಗಕ್ಕೆ ಹೇಳಿದ ರೇಟು ಕೇಳಿ ಎಲ್ಲರೂ ಸುಮ್ಮನಾದರು. ಕೊನೆಗೆ ಕ್ಯಾಬಿನೆಟ್ಟೇ ಹೊರಗೆ ಹೋಯಿತು, ಆ ಜಾಗಕ್ಕೆ ನಾಲ್ಕು ಮಾಮೂಲಿ ಸರ್ವರು ಬಂದವು. ಪ್ರತಿಯೊಂದರ ಹೊಟ್ಟೆಯಲ್ಲೂ ಅದರದೇ ಡಿಸ್ಕುಗಳು. ಸೆಫ್ ಅನ್ನುವ ಸಾಫ್ಟ್‌ವೇರ್ ಆ ಡಿಸ್ಕುಗಳನ್ನೆಲ್ಲ ಸೇರಿಸಿ ಒಂದೇ ದೊಡ್ಡ ಡಿಸ್ಕಿನ ಹಾಗೆ ತೋರಿಸುತ್ತೆ, ಬರೆದ ಪ್ರತಿ ತುಂಡನ್ನೂ ಮೂರು ಕಡೆ ಇಡುತ್ತೆ. ನೆಟ್‌ವರ್ಕಿನದೂ ಅದೇ ಕಥೆ. ಪ್ರತಿ ಪ್ರಾಜೆಕ್ಟ್ ಬ್ಯಾಚಿಗೆ ಬೇರೆ ವೈರು ಎಳೆಯುವ ಬದಲು ಸರ್ವರಿನೊಳಗೇ ವರ್ಚುವಲ್ ಸ್ವಿಚ್ಚು. ಯಾವ ಮೆಷಿನ್ ಯಾವ ಮೆಷಿನ್ ಜೊತೆ ಮಾತಾಡಬೇಕು ಅನ್ನೋದು ಈಗ ಒಂದು ಫೈಲಿನಲ್ಲಿ ಬರೆದಿರುತ್ತೆ.

ಹಳೇ ಕೇಬಲ್ಲುಗಳನ್ನು ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕುವಾಗ ನಮ್ಮ ಲ್ಯಾಬ್ ಸರ್ ಒಂದು ಮಾತು ತೇಲಿಬಿಟ್ಟರು. ವೈರು ಕಿತ್ತು ಆ ಜಾಗದಲ್ಲಿ ಬರಹ ಕೂರಿಸುವ ಈ ಕೆಲಸ ಹೊಸದೇನಲ್ಲ, ನೀವು ಐದು ಮಾರ್ಕಿಗೆ ಬರೆಯೋ ಪುಣ್ಯಾತ್ಮ ಸುಮಾರು ಎಂಬತ್ತು ವರ್ಷದ ಹಿಂದೆ ಮಾಡಿದ್ದೇ ಅದು ಅಂತ. ಅವರು ಮರೆತಿರಬಹುದು. ನಾನು ಮಾತ್ರ ಲೈಬ್ರರಿಗೆ ಹೋದೆ.

ಜಾನ್ ವಾನ್ ನ್ಯೂಮನ್ ಹುಟ್ಟಿದ್ದು 1903ರ ಡಿಸೆಂಬರ್ 28ರಂದು, ಹಂಗೇರಿಯ ಬುಡಾಪೆಸ್ಟಿನಲ್ಲಿ, ಅನುಕೂಲಸ್ಥ ಯಹೂದಿ ಕುಟುಂಬದಲ್ಲಿ. ಊರಲ್ಲಿ ಇಟ್ಟ ಹೆಸರು ಯಾನೋಶ್. ತಂದೆ ಮಿಕ್ಸಾ ಬ್ಯಾಂಕಿನವರು. 1913ರಲ್ಲಿ ಚಕ್ರವರ್ತಿಯಿಂದ ಆ ಮನೆತನಕ್ಕೆ ಬಿರುದು ಸಿಕ್ಕಿತು, ಹೆಸರಿನ ನಡುವಿನ ವಾನ್ ಬಂದದ್ದು ಅಲ್ಲಿಂದ. ಹುಡುಗನ ನೆನಪಿನ ಶಕ್ತಿಯ ಬಗ್ಗೆ ಕಥೆಗಳು ಬೇಕಾದಷ್ಟಿವೆ. ಆರು ವರ್ಷಕ್ಕೇ ಎಂಟಂಕಿಯ ಭಾಗಾಕಾರ ಬಾಯಲ್ಲೇ ಮಾಡುತ್ತಿದ್ದ ಅಂತ ಹೇಳುತ್ತಾರೆ. ದೊಡ್ಡವರ ಬಾಲ್ಯದ ಬಗ್ಗೆ ಇಂಥವು ಬೆಳೆಯುತ್ತಲೇ ಇರುತ್ತವೆ, ಅದನ್ನು ಅಲ್ಲಿಗೇ ಬಿಡೋಣ. ಶಾಲೆಯಲ್ಲಿ ಒಂದು ವರ್ಷ ಸೀನಿಯರ್ ಆಗಿದ್ದ ಹುಡುಗ ಯೂಜೀನ್ ವಿಗ್ನರ್, ಮುಂದೆ ಫಿಸಿಕ್ಸಿನಲ್ಲಿ ನೊಬೆಲ್ ಪಡೆದವರು, ತಾನು ಕಂಡ ಅತಿ ಚುರುಕು ಬುದ್ಧಿ ಇವರದೇ ಅಂತ ಕೊನೆಯವರೆಗೂ ಹೇಳುತ್ತಿದ್ದರು. ಇಷ್ಟು ಸಾಕು.

ಮುಂದಿನದು ನಮ್ಮ ನಿಮ್ಮ ಮನೆಯ ಕಥೆಯೇ. ಮಗನಿಗೆ ಗಣಿತ ಬೇಕು. ಅಪ್ಪನಿಗೆ ಹೊಟ್ಟೆ ತುಂಬಿಸುವ ಕೋರ್ಸು ಬೇಕು. ರಾಜಿಯಾಯಿತು, ಮಗ ಕೆಮಿಕಲ್ ಎಂಜಿನಿಯರಿಂಗ್ ಸೇರಿಕೊಂಡರು, ಮೊದಲು ಬರ್ಲಿನ್ನಿನಲ್ಲಿ ರಸಾಯನಶಾಸ್ತ್ರ, ಆಮೇಲೆ ಜೂರಿಕ್‌ನ ಇ.ಟಿ.ಎಚ್.ನಲ್ಲಿ ಡಿಪ್ಲೊಮಾ. ಅಪ್ಪನ ಮಾತು ಮೀರಲಿಲ್ಲ, ತನ್ನ ಹಟ ಬಿಡಲೂ ಇಲ್ಲ. ಅದೇ ಹೊತ್ತಿಗೆ ಬುಡಾಪೆಸ್ಟ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪಿಎಚ್‌ಡಿಗೂ ಹೆಸರು ಹಚ್ಚಿಸಿಕೊಂಡು, ಕ್ಲಾಸಿಗೆ ಹೋಗದೆ ಪರೀಕ್ಷೆಗಷ್ಟೇ ಊರಿಗೆ ಬಂದು ಬರೆದು ಹೋಗುತ್ತಿದ್ದರು. 1926ರ ಹೊತ್ತಿಗೆ ಎರಡೂ ಕೈಯಲ್ಲಿದ್ದವು. ಎಪ್ಪತ್ತೈದು ಪರ್ಸೆಂಟ್ ಅಟೆಂಡೆನ್ಸಿನ ಕಾಟ ಆ ಕಾಲದಲ್ಲಿ ಇರಲಿಲ್ಲ ಅಂತ ಕಾಣುತ್ತೆ.

ಬರ್ಲಿನ್ನಿನಲ್ಲಿ ಪಾಠ ಹೇಳಿದರು. ಕ್ವಾಂಟಮ್ ಮೆಕ್ಯಾನಿಕ್ಸಿಗೆ ಗಣಿತದ ಗಟ್ಟಿ ತಳಪಾಯ ಹಾಕಿದ ಪುಸ್ತಕ 1932ರಲ್ಲಿ ಬಂತು. ಅಷ್ಟರಲ್ಲಿ, 1930ರಲ್ಲೇ, ಮರಿಯೆಟ್ ಅವರನ್ನು ಮದುವೆಯಾಗಿ ಅಮೆರಿಕದ ಪ್ರಿನ್ಸ್‌ಟನ್ನಿಗೆ ಬಂದಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಜರ್ಮನಿಯ ಯಹೂದಿ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡ ವರ್ಷವೇ ಇವರು ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್ಡ್ ಸ್ಟಡಿಯ ಮೊದಲ ಪ್ರಾಧ್ಯಾಪಕರಲ್ಲಿ ಒಬ್ಬರಾದರು. ಐನ್‌ಸ್ಟೈನ್ ಅಲ್ಲಿ ಸಹೋದ್ಯೋಗಿ. 1935ರಲ್ಲಿ ಮಗಳು ಮರೀನಾ ಹುಟ್ಟಿದಳು. ಆ ಮದುವೆ 1937ರಲ್ಲಿ ಮುರಿಯಿತು. ಮರುವರ್ಷ ಬುಡಾಪೆಸ್ಟಿನ ಕ್ಲಾರಾ ಡಾನ್ ಅವರನ್ನು ಮದುವೆಯಾದರು. ಈ ಕ್ಲಾರಾ ನಮ್ಮ ಕಥೆಗೆ ಮತ್ತೆ ಬರುತ್ತಾರೆ, ಹೆಂಡತಿಯಾಗಿ ಅಲ್ಲ, ಪ್ರೋಗ್ರಾಮರ್ ಆಗಿ.

ಪ್ರಿನ್ಸ್‌ಟನ್ನಿನ ಅವರ ಮನೆ ಪಾರ್ಟಿಗಳಿಗೆ ಹೆಸರುವಾಸಿ. ಸೂಟು ಹಾಕದೆ ಇರುತ್ತಿದ್ದದ್ದೇ ಅಪರೂಪ. ಗದ್ದಲದ ನಡುವೆಯೇ ಕೆಲಸ ಚೆನ್ನಾಗಿ ಸಾಗುತ್ತಿತ್ತಂತೆ. ಕಾರು ಓಡಿಸುವುದು ಬಹಳ ಇಷ್ಟ, ಓಡಿಸಲು ಬರುತ್ತಿರಲಿಲ್ಲ ಅಷ್ಟೇ, ಗುದ್ದಿಸಿಕೊಂಡ ಕಾರುಗಳಿಗೆ ಲೆಕ್ಕವಿಲ್ಲ.

ಇನ್ನು ಯುದ್ಧ. 1943ರಿಂದ ಲಾಸ್ ಅಲಮೋಸಿನ ಅಣುಬಾಂಬ್ ಯೋಜನೆಗೆ ಸಲಹೆಗಾರರು. ಪ್ಲುಟೋನಿಯಮ್ ಉಂಡೆಯನ್ನು ಸುತ್ತಲಿಂದ ಏಕಕಾಲಕ್ಕೆ ಸ್ಫೋಟಕಗಳಿಂದ ಒಳಕ್ಕೆ ಒತ್ತಬೇಕು, ಅಲೆ ಎಲ್ಲ ಕಡೆಯಿಂದಲೂ ಸಮವಾಗಿ ಬರಬೇಕು. ಆ ಲೆಕ್ಕ ಕೈಯಲ್ಲಿ ಮಾಡಿ ಮುಗಿಯುವಂಥದ್ದಲ್ಲ. ಬೇಗ ಲೆಕ್ಕ ಮಾಡುವ ಯಂತ್ರ ಎಲ್ಲಿದೆ ಅಂತ ಹುಡುಕುತ್ತಿದ್ದ ಮನುಷ್ಯನಿಗೆ 1944ರ ಬೇಸಿಗೆಯಲ್ಲಿ ಅಬರ್ಡೀನ್ ರೈಲು ನಿಲ್ದಾಣದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಎಂಬ ಯುವ ಸೇನಾಧಿಕಾರಿ ಸಿಕ್ಕರು. ಅವರೂ ಗಣಿತದವರೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೇನೆಗಾಗಿ ಕಟ್ಟುತ್ತಿದ್ದ ಇನಿಯಾಕ್ ಯಂತ್ರದ ಸುದ್ದಿ ಹೇಳಿದರು. ರೈಲಿಗೆ ಕಾಯುವಾಗ ನಡೆದ ಹರಟೆ ಅಲ್ಲಿಂದಾಚೆಗೆ ಪರೀಕ್ಷೆಯ ಹಾಗೆ ಗಂಭೀರವಾಯಿತು ಅಂತ ಗೋಲ್ಡ್‌ಸ್ಟೈನ್ ನೆನೆಸಿಕೊಂಡಿದ್ದಾರೆ.

ಇನಿಯಾಕ್ ಕಟ್ಟಿದವರು ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ. ಸುಮಾರು 18,000 ವ್ಯಾಕ್ಯೂಮ್ ಟ್ಯೂಬ್, 30 ಟನ್ ತೂಕ. ಸಂಖ್ಯೆ ಹಿಡಿದಿಡಲು 20 ಅಕ್ಯುಮುಲೇಟರ್, ಒಂದೊಂದರಲ್ಲಿ ಹತ್ತಂಕಿ. ಅಂದರೆ ಕೋಣೆ ತುಂಬಿದ ಆ ಯಂತ್ರದ ಕೆಲಸದ ನೆನಪು ಒಟ್ಟು 200 ಅಂಕಿ, ಅಷ್ಟೇ. ಪ್ರೋಗ್ರಾಮ್ ಅನ್ನೋದು ಬರೆಯುವ ವಸ್ತುವಾಗಿರಲಿಲ್ಲ. ಈ ಘಟಕದಿಂದ ಆ ಘಟಕಕ್ಕೆ ಕೇಬಲ್ ಚುಚ್ಚಬೇಕು, ಸ್ವಿಚ್ಚು ತಿರುಗಿಸಬೇಕು. ಆ ಕೆಲಸ ಮಾಡುತ್ತಿದ್ದವರು ಆರು ಜನ ಹೆಣ್ಣುಮಕ್ಕಳು. ಕೇ ಮಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಅವರ ಹೆಸರು ಬಹಳ ಕಾಲ ಯಾರ ಬಾಯಲ್ಲೂ ಇರಲಿಲ್ಲ, ಅದಕ್ಕೇ ಇಲ್ಲಿ ಪೂರ್ತಿ ಬರೆದೆ. ಲೆಕ್ಕ ಕ್ಷಣಗಳಲ್ಲಿ ಮುಗಿಯುತ್ತಿತ್ತು, ಮುಂದಿನ ಲೆಕ್ಕಕ್ಕೆ ವೈರು ಬದಲಿಸುವುದಕ್ಕೆ ದಿನಗಟ್ಟಲೆ. ನಮ್ಮ ಹಳೇ ಸರ್ವರ್ ರೂಮೂ ಹೀಗೇ ಇತ್ತು ಅಂದರೆ ಸೀನಿಯರ್‌ಗಳು ಬೇಜಾರು ಮಾಡಿಕೊಳ್ಳಬಾರದು.

ಮುಂದಿನ ಯಂತ್ರ ಎಡ್ವಾಕ್ ಹೇಗಿರಬೇಕು ಎಂಬ ಚರ್ಚೆಗೆ ನ್ಯೂಮನ್ ಸೇರಿಕೊಂಡರು. 1945ರ ಜೂನ್ ಕೊನೆಗೆ 101 ಪುಟಗಳ ಒಂದು ಕರಡು ವರದಿ ಹೊರಬಿತ್ತು. ಅದರ ತಿರುಳು ಇದು: ಏನು ಮಾಡಬೇಕು ಅನ್ನುವ ಆದೇಶವೂ ಒಂದು ಸಂಖ್ಯೆಯೇ ಆಗಲಿ, ಡೇಟಾ ಇರುವ ಮೆಮೊರಿಯಲ್ಲೇ ಅದೂ ಕೂರಲಿ. ಕೇಬಲ್ ಬೇಡ. ಲೆಕ್ಕ ಬದಲಾದರೆ ಯಂತ್ರದ ಮೈ ಮುಟ್ಟಬೇಕಿಲ್ಲ, ಮೆಮೊರಿಯಲ್ಲಿ ಬೇರೆ ಸಂಖ್ಯೆ ತುಂಬಿದರಾಯಿತು. ನಾವು ಈಗ ಸಾಫ್ಟ್‌ವೇರ್ ಡಿಫೈನ್ಡ್ ಅಂತ ಯಾವುದರ ಮುಂದೆ ಅಂಟಿಸಿದರೂ ಒಳಗಿರುವುದು ಈ ಯೋಚನೆಯೇ. ಸ್ಟೋರೇಜಿಗೆ ಅಂಟಿಸಿದರೆ ಕಂಟ್ರೋಲರ್ ಡಬ್ಬ ಮಾಯ, ಅದರ ಬುದ್ಧಿ ಸರ್ವರಿನ ಮೆಮೊರಿಗೆ ಬಂತು. ನೆಟ್‌ವರ್ಕಿಗೆ ಅಂಟಿಸಿದರೆ ಪ್ಯಾಚ್ ಪ್ಯಾನೆಲ್ಲಿನ ಬುದ್ಧಿ ಬಂತು.

ಇಲ್ಲಿ ಒಂದು ಅನ್ಯಾಯವನ್ನೂ ಹೇಳಲೇಬೇಕು. ಆ ವರದಿಯ ಮೇಲೆ ಇದ್ದದ್ದು ಒಂದೇ ಹೆಸರು. ಎಕರ್ಟ್ ಮತ್ತು ಮಾಕ್ಲಿ ಅಷ್ಟರಲ್ಲಾಗಲೇ ಅದೇ ದಿಕ್ಕಿನಲ್ಲಿ ಯೋಚಿಸುತ್ತಿದ್ದರು, ಪಾದರಸದ ಕೊಳವೆಯಲ್ಲಿ ಶಬ್ದದ ಅಲೆಯಾಗಿ ಸಂಖ್ಯೆ ಹಿಡಿದಿಡುವ ಮೆಮೊರಿ ಎಕರ್ಟ್ ಅವರದೇ ಕಲ್ಪನೆ. ಗೋಲ್ಡ್‌ಸ್ಟೈನ್ ವರದಿಯನ್ನು ಟೈಪ್ ಮಾಡಿಸಿ ಸುಮಾರು ಎರಡು ಡಜನ್ ಜನರಿಗೆ ಕಳಿಸಿಬಿಟ್ಟರು. ಹೀಗೆ ಬಹಿರಂಗವಾದದ್ದರಿಂದ ಆ ವಿಚಾರಕ್ಕೆ ಪೇಟೆಂಟ್ ಸಿಗದ ಹಾಗಾಯಿತು, ಹೆಸರು ಮಾತ್ರ ನ್ಯೂಮನ್ ಅವರದೇ ಉಳಿಯಿತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬ್ಯಾಚ್‌ಮೇಟ್ ಹೆಸರು ಬಿಟ್ಟುಹೋದಾಗ ಏನಾಗುತ್ತೆ ಅಂತ ನಮಗೆ ಗೊತ್ತು. ಆ ಇಬ್ಬರೂ ಇದನ್ನು ಮರೆಯಲಿಲ್ಲ. ಮರೆಯಬೇಕಾದ ಅಗತ್ಯವೂ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅದೇ ವರ್ಷದ ಮೇ ತಿಂಗಳಿನಲ್ಲಿ ನ್ಯೂಮನ್ ಇನ್ನೊಂದು ಕೋಣೆಯಲ್ಲೂ ಕೂತಿದ್ದರು. ಜಪಾನಿನ ಯಾವ ಊರಿನ ಮೇಲೆ ಬಾಂಬು ಹಾಕಬೇಕು ಅಂತ ತೀರ್ಮಾನಿಸುವ ಸಮಿತಿ ಅದು. ದೇವಾಲಯಗಳ ಊರು ಕ್ಯೋಟೋ ಅವರ ಪಟ್ಟಿಯಲ್ಲಿ ಮೇಲಿತ್ತು. ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅದನ್ನು ತೆಗೆಸದಿದ್ದರೆ ಇವತ್ತು ನಾವು ಹಿರೋಶಿಮಾದ ಬದಲು ಬೇರೆ ಹೆಸರು ನೆನೆಯುತ್ತಿದ್ದೆವೇನೋ. ನಾಗಸಾಕಿಯ ಮೇಲೆ ಬಿದ್ದ ಬಾಂಬು ಅವರು ಲೆಕ್ಕ ಹಾಕಿದ ಒತ್ತುವಿಕೆಯ ತತ್ತ್ವದ್ದು. ಎಡ್ವಾಕ್ ವರದಿ ಬರೆದದ್ದೂ ಇದೇ ಕೈ, ಇದೇ ತಿಂಗಳುಗಳಲ್ಲಿ. ಈ ಭಾಗ ಓದಿದ ಮೇಲೆ ಎರಡು ದಿನ ಪುಸ್ತಕ ಮುಚ್ಚಿಟ್ಟಿದ್ದೆ.

ಯುದ್ಧ ಮುಗಿದ ಮೇಲೆ ಇನಿಯಾಕ್ ಅಬರ್ಡೀನಿಗೆ ಹೋಯಿತು. 1948ರಲ್ಲಿ ಅದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆಯಿತು. ಸ್ಥಿರಾಂಕಗಳನ್ನು ಇಡಲು ಇದ್ದ ಸ್ವಿಚ್ಚುಗಳ ಫಲಕಗಳಲ್ಲಿ ಆದೇಶಗಳನ್ನೇ ಸಂಖ್ಯೆಯಾಗಿ ಕೂರಿಸಿ, ಆ ಸಂಖ್ಯೆಯನ್ನು ಓದಿ ನಡೆಯುವ ಹಾಗೆ ಕೇಬಲ್ಲುಗಳನ್ನು ಒಂದೇ ಒಂದು ಸಲ, ಕಾಯಂ ಆಗಿ ಚುಚ್ಚಿಬಿಟ್ಟರು. ಆಮೇಲೆ ಬದಲಾಗುವುದು ಸಂಖ್ಯೆ ಮಾತ್ರ. ಈ ಹೊಸ ರೀತಿಯಲ್ಲಿ ಮೊದಲ ದೊಡ್ಡ ಕೆಲಸ ನಡೆಸಿದ್ದು ಲಾಸ್ ಅಲಮೋಸಿನ ಮಾಂಟೆ ಕಾರ್ಲೋ ಲೆಕ್ಕಗಳು, ಅವುಗಳ ಕೋಡ್ ಬರೆದವರಲ್ಲಿ ಮುಖ್ಯರು ಕ್ಲಾರಾ. ಗಣಿತದಲ್ಲಿ ದೊಡ್ಡ ಓದು ಇಲ್ಲದೆ, ಕೆಲಸ ಮಾಡುತ್ತಲೇ ಕಲಿತ ಹೆಣ್ಣುಮಗಳು. ಜಗತ್ತಿನ ಮೊದಮೊದಲ ಪ್ರೋಗ್ರಾಮರ್‌ಗಳ ಸಾಲಿನಲ್ಲಿ ಅವರ ಹೆಸರು ಸೇರಲೇಬೇಕು.

ಎಂಜಿನಿಯರಿಂಗ್ ವಿದ್ಯಾರ್ಥಿ ಇಲ್ಲಿ ಕೇಳಬೇಕಾದ ಪ್ರಶ್ನೆ, ಇದಕ್ಕೆ ತೆತ್ತ ಬೆಲೆ ಎಷ್ಟು? ಇನಿಯಾಕ್ ಸುಮಾರು ಆರು ಪಟ್ಟು ನಿಧಾನವಾಯಿತು. ಮೊದಲು ಹಲವು ಘಟಕಗಳು ಒಟ್ಟೊಟ್ಟಿಗೆ ಲೆಕ್ಕ ಮಾಡುತ್ತಿದ್ದವು, ಈಗ ಒಂದಾದ ಮೇಲೊಂದು. ಆದರೆ ಲೆಕ್ಕ ಬದಲಿಸಲು ಬೇಕಾಗುತ್ತಿದ್ದ ದಿನಗಳು ಗಂಟೆಗಳಿಗೆ ಇಳಿದವು. ಒಟ್ಟು ಕೂಡಿಸಿದರೆ ಲಾಭವೇ. ನಮ್ಮಲ್ಲೂ ಇದೇ ವಾದ ನಡೆಯಿತು. ಸ್ಯಾನ್ ಕಂಟ್ರೋಲರ್ ಒಂದು ಬ್ಲಾಕನ್ನು ಥಟ್ಟನೆ ತನ್ನ ಕ್ಯಾಶಿಗೆ ಬರೆದು ಮುಗಿಯಿತು ಅನ್ನುತ್ತಿತ್ತು. ಸೆಫ್ ಬೇರೆ ಎರಡು ಸರ್ವರಿಗೂ ನಕಲು ಕಳಿಸಿ, ಮೂವರೂ ಬರೆದಾಯಿತು ಅಂದ ಮೇಲೆಯೇ ಮುಗಿಯಿತು ಅನ್ನುತ್ತೆ. ಒಂದೊಂದು ಬರಹ ನೋಡಿದರೆ ನಿಧಾನ. ಆದರೆ ಹೊಸ ಬ್ಯಾಚಿಗೆ ಡಿಸ್ಕು ಕೊಡುವುದಕ್ಕೆ ಮುಂಚೆ ಒಂದು ವಾರದ ಓಡಾಟ, ಈಗ ಒಂದು ಕಮಾಂಡು.

ನ್ಯೂಮನ್ ಈಗ ತಮ್ಮದೇ ಯಂತ್ರ ಕಟ್ಟಿಸಲು ಹೊರಟರು. ಥಿಯರಿಯ ದೇವಸ್ಥಾನದಂತಿದ್ದ ಇನ್‌ಸ್ಟಿಟ್ಯೂಟಿನಲ್ಲಿ ಬೆಸುಗೆ ಹಾಕುವ ಎಂಜಿನಿಯರುಗಳು ಬಂದದ್ದು ಕೆಲವರಿಗೆ ಇಷ್ಟವಾಗಲಿಲ್ಲ. ಮುಖ್ಯ ಎಂಜಿನಿಯರ್ ಜೂಲಿಯನ್ ಬಿಗೆಲೋ. ಮೆಮೊರಿಗೆ ಸೆಲೆಕ್ಟ್ರಾನ್ ಎಂಬ ವಿಶೇಷ ಟ್ಯೂಬನ್ನು ನಂಬಿ ಕಾದರು, ಅದು ಸಮಯಕ್ಕೆ ಬರಲಿಲ್ಲ. ಕೊನೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ವಿಲಿಯಮ್ಸ್ ಮತ್ತು ಕಿಲ್ಬರ್ನ್ ಮಾಡಿ ತೋರಿಸಿದ್ದ ಉಪಾಯಕ್ಕೆ ಬಂದರು. ಆಸಿಲೋಸ್ಕೋಪಿನಂಥ ಕ್ಯಾಥೋಡ್ ರೇ ಟ್ಯೂಬಿನ ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ವಿದ್ಯುದಂಶ ಇಡುವುದು. ಒಂದು ಟ್ಯೂಬಿನಲ್ಲಿ 1024 ಚುಕ್ಕಿ, ಅಂಥ 40 ಟ್ಯೂಬ್. ಒಟ್ಟು ಐದು ಕಿಲೋಬೈಟ್. ನೀವು ಸ್ಟೇಟಸ್ಸಿಗೆ ಹಾಕುವ ಒಂದು ಫೋಟೋ ಅದರಲ್ಲಿ ಹಿಡಿಯುವುದಿಲ್ಲ. ಚುಕ್ಕಿ ಆರಿಹೋಗುವ ಮುಂಚೆ ಮತ್ತೆ ಮತ್ತೆ ಬರೆಯುತ್ತಲೇ ಇರಬೇಕು, ಪಕ್ಕದ ಚುಕ್ಕಿ ಹೆಚ್ಚು ಸಲ ಓದಿದರೆ ಇದು ಕೆಡುತ್ತಿತ್ತು. 40 ಬಿಟ್ಟಿನ ಪದದ ಒಂದೊಂದು ಬಿಟ್ ಒಂದೊಂದು ಟ್ಯೂಬಿನಲ್ಲಿ, ಆದ್ದರಿಂದ 40ರಲ್ಲಿ ಒಂದು ತಪ್ಪಿದರೂ ಪೂರ್ತಿ ಪದ ಹಾಳು.

ಯಂತ್ರ ಅಧಿಕೃತವಾಗಿ ಲೋಕಾರ್ಪಣೆಯಾದದ್ದು 1952ರ ಜೂನ್ 10ರಂದು. ಅದರ ವಿನ್ಯಾಸವನ್ನು ಮುಚ್ಚಿಡಲಿಲ್ಲ, ಪೇಟೆಂಟ್ ಮಾಡಲಿಲ್ಲ. ವರದಿಗಳು ಕೇಳಿದವರಿಗೆಲ್ಲ ಹೋದವು. ಇಲಿನಾಯ್, ಲಾಸ್ ಅಲಮೋಸ್, ಸ್ವೀಡನ್, ಇಸ್ರೇಲ್, ಆಸ್ಟ್ರೇಲಿಯಾ ಹೀಗೆ ಎಲ್ಲೆಲ್ಲೋ ಅದರ ತಮ್ಮ ತಂಗಿಯರು ಹುಟ್ಟಿಕೊಂಡರು. ನಮ್ಮ ಬಾಂಬೆಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಪೂರ್ತಿಯಾಗಿ ಓಡತೊಡಗಿದ ಟಿಫ್ರಾಕ್ ಕೂಡ ಅದೇ ವಂಶದ್ದು, ಅದರ ಪದವೂ 40 ಬಿಟ್. ಓಪನ್ ಸೋರ್ಸ್ ಅನ್ನೋ ಶಬ್ದ ಹುಟ್ಟಲು ಇನ್ನೂ ಬಹಳ ವರ್ಷವಿತ್ತು.

ಅದೇ 1952ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ನ್ಯೂಮನ್ ಐದು ಉಪನ್ಯಾಸ ಕೊಟ್ಟರು. ನಮ್ಮ ಸಿಲಬಸ್ಸಿನಲ್ಲಿ ಇದರ ಸುದ್ದಿಯೇ ಇಲ್ಲ. ನನ್ನ ಮಟ್ಟಿಗೆ ಅವರ ಐದು ಮಾರ್ಕಿನ ಚಿತ್ರಕ್ಕಿಂತ ಇದೇ ದೊಡ್ಡದು. ಪ್ರಶ್ನೆ ಸರಳ: ಕೈಕೊಡುವ ಬಿಡಿಭಾಗಗಳಿಂದ ಕೈಕೊಡದ ಯಂತ್ರ ಕಟ್ಟಬಹುದೇ? ಕೆಡುವುದನ್ನು ಅಪಘಾತ ಅಂದುಕೊಳ್ಳಬೇಡಿ, ಅದನ್ನು ಗಣಿತದ ಒಳಗೇ ತನ್ನಿ ಅಂದರು. ಟ್ಯೂಬುಗಳ ಕಾಟ ಅನುಭವಿಸುತ್ತಿದ್ದವರಿಗೆ ಈ ಪ್ರಶ್ನೆ ಬಂದದ್ದು ಸಹಜ ಅಂತ ನನ್ನ ಊಹೆ. ಜೊತೆಗೆ, ಮಿದುಳಿನ ಜೀವಕೋಶಗಳು ಇಷ್ಟು ಒರಟಾಗಿದ್ದರೂ ಮನುಷ್ಯ ಹೇಗೆ ಸರಿಯಾಗಿ ಯೋಚಿಸುತ್ತಾನೆ ಅನ್ನುವ ಕುತೂಹಲವೂ ಅವರಿಗೆ ಬಹಳ ಕಾಲದಿಂದ ಇತ್ತು.

ಉತ್ತರದ ಮೊದಲ ಹೆಜ್ಜೆ ನಮಗೆಲ್ಲ ಅರ್ಥವಾಗುವಂಥದ್ದು. ಒಂದೇ ಕೆಲಸ ಮೂರು ಯಂತ್ರಕ್ಕೆ ಕೊಡಿ, ಇಬ್ಬರು ಹೇಳಿದ್ದನ್ನು ನಂಬಿ. ಒಂದು ಯಂತ್ರ ನೂರಕ್ಕೆ ಒಂದು ಸಲ ತಪ್ಪುತ್ತೆ ಅಂದುಕೊಳ್ಳಿ. ಮೂರರಲ್ಲಿ ಕನಿಷ್ಠ ಎರಡು ಒಟ್ಟಿಗೆ ತಪ್ಪುವ ಸಂಭವ ಹತ್ತು ಸಾವಿರಕ್ಕೆ ಸುಮಾರು ಮೂರು. ಪ್ರಾಬಬಿಲಿಟಿ ಗೊತ್ತಿದ್ದವರು ಹಾಳೆ ತೆಗೆದು ನೋಡಿ, ಎರಡು ನಿಮಿಷದ ಲೆಕ್ಕ. ಆದರೆ ನ್ಯೂಮನ್ ಅಲ್ಲಿಗೆ ನಿಲ್ಲಲಿಲ್ಲ. ಓಟು ಎಣಿಸುವವನೇ ತಪ್ಪಿದರೆ? ಅದೂ ಒಂದು ಬಿಡಿಭಾಗವೇ ತಾನೆ. ಮೂರು ಜನರನ್ನು ಕೂರಿಸಿ ಮೇಲೆ ಒಬ್ಬನೇ ಎಣಿಕೆಯವನನ್ನು ಕೂರಿಸಿದರೆ ಒಟ್ಟು ಯಂತ್ರ ಆ ಒಬ್ಬನಿಗಿಂತ ಒಳ್ಳೆಯದಾಗಲು ಸಾಧ್ಯವೇ ಇಲ್ಲ. ಅದಕ್ಕೆ ಒಂದು ತಂತಿಯ ಬದಲು ತಂತಿಗಳ ಕಟ್ಟು, ಎಣಿಕೆಯವರೂ ಹಲವರು, ಕಟ್ಟಿನಲ್ಲಿ ಹೆಚ್ಚಿನವು ಏನು ಹೇಳುತ್ತವೋ ಅದೇ ಉತ್ತರ. ಹೀಗೆ ಮಾಡಿದರೆ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದು ಅಂತ ತೋರಿಸಿದರು. ಆದರೆ ಬಿಡಿಭಾಗ ತೀರಾ ಕಳಪೆಯಾಗಿರಬಾರದು, ಒಂದು ಮಿತಿ ದಾಟಿದರೆ ಎಷ್ಟು ಜನ ಸೇರಿದರೂ ಪ್ರಯೋಜನವಿಲ್ಲ. ಬೆಲೆಯೂ ವಿಪರೀತ. ಅವರ ಲೆಕ್ಕದಲ್ಲಿ ಕಟ್ಟಿನ ಗಾತ್ರ ಸಾವಿರಗಳಲ್ಲಿ ಬಂತು. ಉಪನ್ಯಾಸ ಅಚ್ಚಾದದ್ದು 1956ರಲ್ಲಿ, ಶ್ಯಾನನ್ ಮತ್ತು ಮೆಕಾರ್ಥಿ ಸಂಪಾದಿಸಿದ ಸಂಪುಟದಲ್ಲಿ.

ಈಗ ನಮ್ಮ ನಾಲ್ಕು ಸರ್ವರಿಗೆ ವಾಪಸ್ ಬನ್ನಿ. ಸ್ಯಾನ್ ಕ್ಯಾಬಿನೆಟ್ಟಿನ ತತ್ತ್ವ, ಬಿಡಿಭಾಗ ದುಬಾರಿಯದ್ದಾದರೆ ಕೆಡುವುದಿಲ್ಲ ಎಂಬ ನಂಬಿಕೆ. ಸೆಫ್ ತತ್ತ್ವ, ಎಲ್ಲವೂ ಕೆಟ್ಟೇ ಕೆಡುತ್ತೆ, ಅದನ್ನು ಲೆಕ್ಕದಲ್ಲಿಟ್ಟುಕೊಂಡು ಕಟ್ಟು ಅನ್ನೋದು. ಎರಡನೆಯದು ನ್ಯೂಮನ್ ಮಾತು. ಬೆಲೆಯೂ ಹಾಗೇ. 12 ಟೆರಾಬೈಟ್ ಡಿಸ್ಕು ತಂದರೆ ಬಳಸಲು ಸಿಗೋದು 4. ಯಾವ ಸರ್ವರ್ ಬದುಕಿದೆ, ಯಾವುದು ಸತ್ತಿದೆ ಅಂತ ನೋಡುವ ಮಾನಿಟರ್‌ಗಳು ಮೂರೋ ಐದೋ, ಬೆಸ ಸಂಖ್ಯೆಯಲ್ಲೇ ಇಡೋದು ಯಾಕೆ? ಬಹುಮತ ಬೇಕು ಅಂತ. ಓಟು ಎಣಿಸುವವನು ಒಬ್ಬನೇ ಆಗಬಾರದು ಅಂತ. ಮೂರು ಕಡೆ ಇಟ್ಟ ನಕಲುಗಳನ್ನು ಆಗಾಗ ಸ್ಕ್ರಬ್ ಹೆಸರಿನಲ್ಲಿ ಹೋಲಿಸಿ ನೋಡೋದು ಯಾಕೆ? ಡಿಸ್ಕು ಸತ್ತರೆ ಗೊತ್ತಾಗುತ್ತೆ, ಸಾಯದೆ ಸುಳ್ಳು ಹೇಳಿದರೆ ಕೇಳದ ಹೊರತು ಗೊತ್ತಾಗಲ್ಲ.

ಆ ಲೆಕ್ಕದಲ್ಲಿ ಒಂದು ಷರತ್ತಿದೆ. ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯಬೇಕು. ನಾವು ಅದನ್ನು ಕಲಿತದ್ದು ಮಿನಿ ಪ್ರಾಜೆಕ್ಟ್ ಡೆಮೋ ಹಿಂದಿನ ರಾತ್ರಿ. ನಾಲ್ಕು ಸರ್ವರನ್ನೂ ಒಂದೇ ಯುಪಿಎಸ್‌ಗೆ ಚುಚ್ಚಿದ್ದೆವು, ಚುಚ್ಚಿದವರಲ್ಲಿ ನಾನೂ ಒಬ್ಬ. ಯುಪಿಎಸ್ ಹೋಯಿತು, ಮೂರು ನಕಲೂ ಒಟ್ಟಿಗೆ ಹೋದವು. ಡೇಟಾ ಹಾಳಾಗಲಿಲ್ಲ ಪುಣ್ಯಕ್ಕೆ, ಬೆಳಿಗ್ಗೆವರೆಗೆ ಯಾರಿಗೂ ಸಿಗಲಿಲ್ಲ ಅಷ್ಟೇ. ಯಾವ ನಕಲು ಯಾವ ರ‍್ಯಾಕಿನಲ್ಲಿ, ಯಾವ ಕರೆಂಟ್ ಲೈನಿನಲ್ಲಿ ಇರಬೇಕು ಅಂತ ಸೆಫ್‌ಗೆ ಹೇಳಬಹುದು. ಹೇಳೋಕೆ ಮೊದಲು ಆ ಬೇರೆ ಬೇರೆ ಲೈನು ಗೋಡೆಯಲ್ಲಿ ಇರಬೇಕಲ್ಲ. ಅದನ್ನು ಯಾವ ಸಾಫ್ಟ್‌ವೇರೂ ಕೊಡಲ್ಲ.

ನ್ಯೂಮನ್ ಅವರ ಕೊನೆಯ ವರ್ಷಗಳು ಸರ್ಕಾರದ ಕೆಲಸದಲ್ಲೇ ಕಳೆದವು. ಕ್ಷಿಪಣಿ ಸಮಿತಿ, ಹೈಡ್ರೋಜನ್ ಬಾಂಬು, 1955ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯತ್ವ. ಸೋವಿಯತ್ ಒಕ್ಕೂಟದ ವಿಷಯದಲ್ಲಿ ಅವರು ಬಹಳ ಕಠೋರ. ನನಗೆ ಇಷ್ಟವಾಗದ ನ್ಯೂಮನ್ ಇವರು. ಅದೇ 1955ರ ಬೇಸಿಗೆಯಲ್ಲಿ ಭುಜದಲ್ಲಿ ನೋವು ಕಾಣಿಸಿತು. ನೋಡಿದರೆ ಕ್ಯಾನ್ಸರ್, ಮೂಳೆಗೆ ಹರಡಿತ್ತು. ಕೆಲವೇ ತಿಂಗಳಲ್ಲಿ ಗಾಲಿಕುರ್ಚಿ. 1956ರ ಏಪ್ರಿಲ್‌ನಿಂದ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆ. ಜ್ವರದಲ್ಲಿ ಗುಟ್ಟು ಬಾಯಿಬಿಟ್ಟಾರು ಅಂತ ಹಾಸಿಗೆಯ ಸುತ್ತ ಸೇನೆಯ ಕಾವಲು.

ಅವರಿಗೆ ಸಾವಿನ ಭಯ ಬಹಳ ಇತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಬುದ್ಧಿ ಮಂಕಾಗುವುದು. ಒಮ್ಮೆ ಮಗಳು ಮರೀನಾ ನೋಡಲು ಬಂದಾಗ ತನ್ನನ್ನು ಪರೀಕ್ಷಿಸುವಂತೆ ಕೇಳಿದರು. ಏಳಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಅನ್ನುವಂಥ ಲೆಕ್ಕಗಳು. ಇಪ್ಪತ್ತೊಂದರ ಆ ಹುಡುಗಿ ಕೆಲವು ನಿಮಿಷ ಕೇಳಿದಳು, ಆಮೇಲೆ ಆಗದೆ ಅಳುತ್ತಾ ಕೋಣೆಯಿಂದ ಹೊರಗೆ ಓಡಿದಳು.

ಆಸ್ಪತ್ರೆಗೆ ಬರುವಾಗ ಅವರು ಒಂದು ಹಸ್ತಪ್ರತಿ ತಂದಿದ್ದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಡಬೇಕಿದ್ದ ಉಪನ್ಯಾಸಗಳು, ಕಂಪ್ಯೂಟರ್ ಮತ್ತು ಮಿದುಳಿನ ಬಗ್ಗೆ. ಕೊಡಲಾಗಲಿಲ್ಲ, ಬರೆದು ಮುಗಿಸಲೂ ಆಗಲಿಲ್ಲ. 1957ರ ಫೆಬ್ರವರಿ 8ರಂದು ತೀರಿಕೊಂಡರು, 53 ವರ್ಷ. ಅರ್ಧದಲ್ಲಿ ನಿಂತ ಪುಸ್ತಕವನ್ನು ಕ್ಲಾರಾ ಮುನ್ನುಡಿ ಬರೆದು 1958ರಲ್ಲಿ ಹೊರತಂದರು. ಪ್ರಿನ್ಸ್‌ಟನ್ನಿನ ಯಂತ್ರವನ್ನು ಆರಿಸಿದ್ದೂ ಅದೇ ವರ್ಷ. ಅದೀಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ನಮ್ಮ ಸ್ಯಾನ್ ಕ್ಯಾಬಿನೆಟ್ ಸದ್ಯ ಇ-ಬ್ಲಾಕಿನ ಮೆಟ್ಟಿಲ ಕೆಳಗಿದೆ, ನೋಡಬೇಕಾದವರು ಗುಜರಿಯವರು ಬರುವ ಮುಂಚೆ ಹೋಗಿ ನೋಡಿ.